ಹೊಗೆಗೂ ಮಡಿ ನೋಡಿದ ಮಾವ

ಜನ ನೀರಿಗೆ ಮಡಿ ನೋಡುತ್ತಾರೆ. ಯಲ್ದೂರಿನ ನನ್ನ ಸೋದರಮಾವನವರು ಹೊಗೆಗೆ ಮಡಿ ನೋಡುತ್ತಿದ್ದರು. ಇಂಥವರೂ ಉಂಟೇ ಎನ್ನುವಿರಾ? ನನ್ನ ಮದುವೆಯ ಬಿಳಿ ಉತ್ತರೀಯವನ್ನು ಕೇಳಿ ನೋಡಿ!

ಅವರ ತೋಟದ ಬಾವಿಗೆ ಡೀಸೆಲ್ ಇಂಜಿನ್ ಇತ್ತು. ಅದರ ಹೊಗೆ ಎಷ್ಟು ಕಪ್ಪೆಂದು ತಿಳಿಯಲು ಕೊಳವೆಯ ಬಾಯಿಗೆ ಬಟ್ಟೆ ಹಿಡಿಯುವುದು ಅವರ ಪದ್ಧತಿ. ಒಂದು ದಿನ ಹಾಗೆ ಕೈಗೆ ಸಿಕ್ಕಿದ್ದು ನನ್ನ ಹೆಗಲ ಮೇಲಿದ್ದ ಆ ಉತ್ತರೀಯ. ಮಸಿಯಾದ ಉತ್ತರೀಯವನ್ನು ಹಿಂದಿರುಗಿಸುತ್ತ, "ನೋಡ್ಲಾ, ಎಂಥಾ ಕೊಳಕು ಉಸಿರು ಇದರದು" ಎಂದರು. ಇಂಜಿನ್ನನ್ನು ಬೈದರೇ ಹೊರತು ನನ್ನ ಕ್ಷಮೆ ಕೇಳಲಿಲ್ಲ. ಅದನ್ನು ನಾನು ಇಂದಿಗೂ ಮರೆತಿಲ್ಲ.

ಎರಡನೇ ಮಹಾಯುದ್ಧ ಬಂತು, ಎಣ್ಣೆಗೆ ರೇಷನ್ ಆಯಿತು. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಅದರ ಗ್ಯಾಸಿನಲ್ಲಿ ಓಡತೊಡಗಿದವು. ಶ್ರೀನಿವಾಸಪುರದಲ್ಲಿ ಮಾವ ಅಂಥ ಬಸ್ಸಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಹೊಗೆ ಮೂಸುತ್ತಿದ್ದಾಗ ಬಸ್ಸು ಹೊರಟೇಹೋಯಿತು. ಒಳಗೆ ನಾನಿದ್ದೆ, ಅವರ ಹಿಂಡಿಮೂಟೆಯೊಡನೆ. "ನನ್ನ ಬಿಟ್ಟು ಹೋದ್ಯಲ್ಲೋ" ಎಂಬ ಬೈಗುಳವೂ ನನಗೇ!

ಮಾವ ತಮ್ಮ ಇಂಜಿನ್ನಿಗೂ ಇದ್ದಿಲ ಒಲೆ ಕಟ್ಟಿಸಿದರು. ಹೊತ್ತಿಸಲು ಚೂರು ಡೀಸೆಲ್, ಉಳಿದದ್ದೆಲ್ಲ ಗ್ಯಾಸು. ಕೊಳವೆಗೆ ಹಿಡಿದ ಬಟ್ಟೆ ಬೆಳ್ಳಗೇ ಉಳಿಯಿತು. ಇಷ್ಟು ಶುದ್ಧವಾದ ಬಿಸಿಯನ್ನು ಬಯಲಿಗೆ ಬಿಡುವುದುಂಟೇ? ನಮ್ಮ ಕಡೆ ಮಾವಿನಕಾಯಿಯನ್ನು ಮುಚ್ಚಿದ ಕೋಣೆಯಲ್ಲಿ ಹುಲ್ಲಿನೊಳಗಿಟ್ಟು, ಹೊಗೆಯ ಕಾವು ಕೊಟ್ಟು ಹಣ್ಣು ಮಾಡುವ ರೂಢಿ. ಮಾವ ಕೊಳವೆಯನ್ನು ಆ ಕೋಣೆಗೇ ತಿರುಗಿಸಿದರು.

"ಕಣ್ಣು ಉರೀತಿಲ್ಲ, ಘಾಟಿಲ್ಲ. ಇದ್ರಲ್ಲಿ ಕಾಯಿ ಹಣ್ಣಾಗತ್ತೇನ್ರೀ?" ಎಂದರು ಅತ್ತೆ.

"ಅದೇ ಕಣೇ ಇದರ ದೊಡ್ಡತನ. ಒಳಗೆ ಹೋಗಿ ಒತ್ತಿ ನೋಡು."

ನೋಡಲು ಹೋದ ಅತ್ತೆ ಹೊರಗೆ ಬರಲಿಲ್ಲ. ಬಾಗಿಲು ನೂಕಿದೆವು. ಹುಲ್ಲಿನ ಮೇಲೆ ಬಿದ್ದಿದ್ದರು, ಮುಷ್ಟಿಯಲ್ಲಿ ಕಾಯಿ. ಕೋಣೆಯಲ್ಲಿ ಹೊಗೆಯ ಒಂದೆಳೆಯೂ ಇರಲಿಲ್ಲ. ಕಣ್ಣಿಗೆ ಕಾಣದ್ದು, ಮೂಗಿಗೆ ತಿಳಿಯದ್ದು ಮನುಷ್ಯರನ್ನು ಹೀಗೆ ಕೆಡವೀತೇ? ನಾನು ದಿಗ್ಭ್ರಮೆಯಿಂದ ನಿಂತೇಬಿಟ್ಟೆ. ಮಾವ ಅವರನ್ನು ಎತ್ತಿ ತಂದು ಮರದಡಿ ಮಲಗಿಸಿ, "ಲೇ, ಉಸಿರಾಡೇ. ನನ್ನ ಬೈಯೇ" ಎಂದು ಗೋಗರೆದರು.

ಬಹಳ ಹೊತ್ತಿನ ಮೇಲೆ ಅತ್ತೆ ಕಣ್ಣು ತೆರೆದು, "ಇನ್ನೂ ಗಟ್ಟಿ ಇದೆ" ಎಂದರು. ಕಾಯಿಯ ಮಾತು!

ಕೊಳವೆ ಅಂದೇ ಬಯಲಿಗೆ ತಿರುಗಿತು. ಆಮೇಲೆ ಅತ್ತೆ ಮಧ್ಯಾಹ್ನ ಅಡ್ಡಾದರೆ ಸಾಕು, ಮಾವ ಮೆಲ್ಲನೆ ಬಂದು ಪಕ್ಕದಲ್ಲಿ ಕುಳಿತು ಅವರ ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದರು.

"ಇದೀನಿ ಕಣ್ರೀ" ಎನ್ನುತ್ತಿದ್ದರು ಅತ್ತೆ, ಕಣ್ಣು ಮುಚ್ಚಿಕೊಂಡೇ.

"ಇರು" ಎನ್ನುತ್ತಿದ್ದರು ಮಾವ. ಬೆರಳು ಮಾತ್ರ ತೆಗೆಯುತ್ತಿರಲಿಲ್ಲ.