ಅಗರ ದಾಟಿದರೆ ಬೇರೆ ಹೆಸರು

ಹೆಸರು ಇಟ್ಟವರಿಗೆ ಹೊಳೆಯದ ಅರ್ಥವೆಲ್ಲ ಹೆಸರು ಕೇಳಿದವರಿಗೆ ಹೊಳೆದುಬಿಡುವುದು ನಮ್ಮ ಕಡೆ ಹೊಸದೇನಲ್ಲ. ಬ್ರಿಟಿಷರ ಕಾಲದ ಕೊನೆಯ ವರ್ಷಗಳಲ್ಲಿ ನಾನು ಕೊಳ್ಳೇಗಾಲದ ಒಂದು ಸರಕಾರಿ ಕಚೇರಿಯಲ್ಲಿ ಹಂಗಾಮಿ ಗುಮಾಸ್ತ. ಆಗ ಕೊಳ್ಳೇಗಾಲ ಮದರಾಸು ಪ್ರಾಂತ್ಯದ್ದು. ನನ್ನ ಊರು ಯಳಂದೂರು ಮೈಸೂರು ಮಹಾರಾಜರದ್ದು. ಅರ್ಧ ದಿನದ ಗಾಡಿ ದಾರಿ. ನಡುವೆ ಅಗರವೆಂಬ ಹಳ್ಳಿ ಬಂತೆಂದರೆ ರಾಜ್ಯವೇ ಬೇರೆ.

ಚಳವಳಿ ಕಾವೇರಿದ್ದ ದಿನಗಳು. ಕೊಯಮತ್ತೂರಿನಿಂದ ಹೊಸದಾಗಿ ಬಂದ ನಮ್ಮ ಸಾಹೇಬರಿಗೆ ಒಂದು ಗಟ್ಟಿ ನಂಬಿಕೆಯಿತ್ತು. ಮನುಷ್ಯನ ಹೆಸರು ಕೇಳಿದರೆ ಸಾಕು, ಅವನು ಸರಕಾರದ ಕಡೆಯವನೋ ಚಳವಳಿಯ ಕಡೆಯವನೋ ಹೇಳಿಬಿಡುತ್ತೇನೆ ಎನ್ನುತ್ತಿದ್ದರು. ನನ್ನ ಕೆಲಸ ಖಾಯಂ ಮಾಡುವ ಕಾಗದ ಅವರ ಮೇಜಿನ ಮೇಲಿತ್ತು. ನನ್ನ ಮನೆಯ ತೊಟ್ಟಿಲಲ್ಲಿ ಎಂಟು ತಿಂಗಳ ಮಗಳಿದ್ದಳು. ಅವಳ ಹೆಸರು ಸ್ವರಾಜ್ಯಲಕ್ಷ್ಮಿ! ಇಟ್ಟವರು ಖಾದಿ ತೊಡುವ ನಮ್ಮಪ್ಪ. ಸಾಹೇಬರ ಕಿವಿಗೆ ಅದು ಬಿದ್ದ ದಿನ ನನ್ನ ಕೆಲಸಕ್ಕೆ ಎಳ್ಳುನೀರು.

ಹನೂರಿನ ಗುಪ್ತಸಂಘ

ಹನೂರಿನ ಆಚೆಯ ಹಳ್ಳಿಯೊಂದರ ಪಟೇಲರಿಗೆ, ಊರಿನ ಗಂಡಸರ ಹೆಸರುಗಳನ್ನೆಲ್ಲ ಬರೆಸಿ ತರಬೇಕೆಂದು ಸಾಹೇಬರ ಹುಕುಂ ಹೋಯಿತು. ಪಟೇಲರು ತಂದರು. ಮಾದಯ್ಯ, ಮಾದಪ್ಪ, ಮಾದೇವ, ದೊಡ್ಡಮಾದಯ್ಯ, ಚಿಕ್ಕಮಾದಯ್ಯ, ಕರಿಮಾದಯ್ಯ. ಆ ಸೀಮೆಯಲ್ಲಿ ಬೆಟ್ಟದ ದೇವರು ಮಾದಪ್ಪನ ಹೆಸರಿಲ್ಲದ ಮನೆ ಎಲ್ಲಿದೆ?

ಸಾಹೇಬರ ಮುಖ ಬಿಳಿಚಿಕೊಂಡಿತು. "ಎಲ್ಲರಿಗೂ ಒಂದೇ ಹೆಸರು! ಇದು ಗುಪ್ತಸಂಘ. ಇವರ ಮುಖಂಡ ಯಾರು?"

"ಮಾದಪ್ಪ, ಬುದ್ದಿ."

"ಎಲ್ಲಿದ್ದಾನೆ?"

"ಬೆಟ್ಟದ್ ಮೇಲೆ. ಸುತ್ತ ಕಾಡು."

"ಎಷ್ಟು ಜನ ಅವನ ಮಾತು ಕೇಳುತ್ತಾರೆ?"

"ಲೆಕ್ಕ ಇಟ್ಟೋರ್ಯಾರು ಬುದ್ದಿ? ನಮ್ಮಟ್ಟಿಯೋರೆಲ್ಲ ಕೇಳ್ತೀವಿ."

ಸಾಹೇಬರು ಲೇಖನಿಯನ್ನು ಮಸಿಗೆ ಅದ್ದಿದರು. ಪಕ್ಕದಲ್ಲಿ ನಿಂತ ನನಗೆ ಬಾಯಿ ಬಿಟ್ಟರೆ ನಗು ಬರುತ್ತದೆ, ನಕ್ಕರೆ ಖಾಯಂ ಕಾಗದ ಹರಿಯುತ್ತದೆ. ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡು ನಿಂತೆ.

"ನಾಳೆಯೇ ಅವನನ್ನು ನನ್ನ ಮುಂದೆ ಹಾಜರುಪಡಿಸು!"

ಪಟೇಲರು ಗಲ್ಲ ಗಲ್ಲ ಬಡಿದುಕೊಂಡರು. "ಆಗದಿಲ್ಲ ಬುದ್ದಿ. ಎಂಥಾ ದೊರೆ ಆದ್ರೂ ಬರಿಗಾಲಲ್ಲಿ ಅವನತ್ರಕ್ಕೇ ಓಗ್ಬೇಕು. ನೀವು ಬರೋದಾದ್ರೆ ಒಂದ್ಮಾತು ಏಳಿ, ಮುಡಿ ಕೊಡಾಕೂ ಏರ್ಪಾಡು ಮಾಡುಸ್ತೀನಿ."

ನಿಷ್ಠಾವಂತನ ಹಾರ

ಮೇಲಿನ ಬಿಳಿಯ ದೊರೆಯೊಬ್ಬರು ಕೊಳ್ಳೇಗಾಲಕ್ಕೆ ಕ್ಯಾಂಪಿಗೆ ಬರುವವರಿದ್ದರು. ಅವರಿಗೆ ಊರಿನ ಪರವಾಗಿ ಹಾರ ಹಾಕಲು ಒಬ್ಬ ನಿಷ್ಠಾವಂತ ಬೇಕು. ಸಾಹೇಬರು ಊರಿನವರ ಪಟ್ಟಿಯ ಮೇಲೆ ಬೆರಳಾಡಿಸಿ ಒಬ್ಬ ರೇಷ್ಮೆ ನೇಕಾರರನ್ನು ಆರಿಸಿದರು. ಹೆಸರು ದೊರೆಸ್ವಾಮಿ. "ದೊರೆಯನ್ನು ಹೆಸರಲ್ಲೇ ಹೊತ್ತಿದ್ದಾನೆ, ಇನ್ನೇನು ಬೇಕು?"

ಆ ದೊರೆಸ್ವಾಮಿ ಚಳವಳಿಯಲ್ಲಿ ಎರಡು ಸಲ ಜೈಲು ಕಂಡವರು. ಅದು ಸಾಹೇಬರೊಬ್ಬರನ್ನು ಬಿಟ್ಟು ಊರಿಗೆಲ್ಲ ಗೊತ್ತು. ಹೇಳೋಣವೆಂದರೆ, ನಿನಗೆ ಅವನ ಪರಿಚಯ ಹೇಗೆ ಎಂದು ಕೇಳಿದರೆ? ಸಾಹೇಬರು ಹೇಳಿದ ಹೆಸರನ್ನೇ ಬರೆದುಕೊಂಡೆ.

ಆ ದಿನ ನೇಕಾರರು ಖಾದಿ ಟೋಪಿ ಹಾಕಿಕೊಂಡು ಬಂದರು. ಕೈಯಲ್ಲಿ ಹೂವಿನ ಹಾರವಿಲ್ಲ. ಚಳವಳಿಯವರು ತಮ್ಮ ನಾಯಕರಿಗೆ ಹಾಕುವ ಚರಕದ ನೂಲಿನ ಹಾರ! ನಾವು ತಡೆಯುವ ಮೊದಲೇ ಅದು ದೊರೆಯ ಕೊರಳಲ್ಲಿತ್ತು. ದೊರೆಗೋ ಬಹಳ ಖುಷಿ. ಬಾಡದ ಹಾರ ಎಂದು ಹೊಗಳಿ, ಸಂಜೆಯವರೆಗೂ ಅದನ್ನೇ ಧರಿಸಿಕೊಂಡು ಊರೆಲ್ಲ ತಿರುಗಿದರು. ಜನ ಎದ್ದು ನಿಂತು ಕೈಮುಗಿದರು. ನಮ್ಮ ಸಾಹೇಬರು ಮಾತ್ರ ಬೆವರು ಒರೆಸಿಕೊಳ್ಳುತ್ತಾ ಹಿಂದೆ ನಡೆದರು.

ಮರುದಿನ ನೇಕಾರರನ್ನು ಕರೆಸಿ ಕೂಗಾಡಿದರು. "ಇಂಥ ಹೆಸರಿಟ್ಟುಕೊಂಡು ಇಂಥ ಕೆಲಸವೇ?"

"ಎಸ್ರು ನಮ್ಮಪ್ಪ ಇಟ್ಟದ್ದು ಸಾ. ನನ್ ಕೇಳಿರ್ನಿಲ್ಲ. ದೊರೆಗೆ ಎಂಥಾ ಆರ ತರ್ಬೇಕು ಅಂತ ನೀವೂ ಏಳಿರ್ನಿಲ್ಲ."

ತೊಟ್ಟಿಲಿನ ಮುಂದೆ

ಹಾರದ ಪೆಟ್ಟು ತಿಂದ ಸಾಹೇಬರು ಈಗ ನೌಕರರ ಕಡೆ ತಿರುಗಿದರು. ಎಲ್ಲರೂ ಹೆಂಡತಿ ಮಕ್ಕಳ ಹೆಸರು ಬರೆದುಕೊಡಬೇಕು. ನಾನು 'ಮಗಳು: ಪುಟ್ಟಿ' ಎಂದು ಬರೆದುಕೊಟ್ಟೆ.

"ಪುಟ್ಟಿ ಎಲ್ಲರ ಮನೆಯಲ್ಲೂ ಇರುತ್ತಾಳೆ. ಸಂಜೆ ಮನೆಗೆ ಬರುತ್ತೇನೆ" ಎಂದರು.

ಬಂದೇ ಬಂದರು. ಪಕ್ಕದ ಮನೆಯಿಂದ ತಂದ ಕುರ್ಚಿಯಲ್ಲಿ ಕುಳಿತು, ಬಾಗಿಲ ಮರೆಯಲ್ಲಿದ್ದ ನನ್ನ ಹೆಂಡತಿಯನ್ನು ಕೇಳಿದರು. "ಮಗುವಿನ ಹೆಸರೇನಮ್ಮ?"

"ಪುಟ್ಟಿ ಅಂತೀನಿ ಸಾ."

"ಪೂರ್ತಿ ಹೆಸರು?"

"ಅದ ನಾನು ಬಾಯಲ್ಲಿ ಏಳಂಗಿಲ್ಲ."

ನಮ್ಮಮ್ಮನ ಹೆಸರು ಲಕ್ಷ್ಮಿ. ಅತ್ತೆಯ ಹೆಸರನ್ನು ಸೊಸೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಸಾಹೇಬರಿಗೆ ಅದೇನು ಗೊತ್ತು? ಕುರ್ಚಿಯಿಂದ ಎದ್ದೇಬಿಟ್ಟರು. "ಹೆತ್ತ ತಾಯಿಯೇ ಹೇಳಬಾರದ ಹೆಸರು! ಏನಯ್ಯಾ ಅದು?"

ಅಷ್ಟರಲ್ಲಿ ಹೊರಗೆ ಎತ್ತಿನ ಗಾಡಿ ನಿಂತ ಸದ್ದು. ಯಳಂದೂರಿನಿಂದ ಬಂದಿಳಿದ ಖಾದಿ ಜುಬ್ಬದ ನಮ್ಮಪ್ಪ ಕೂಗುತ್ತಲೇ ಒಳಗೆ ಬಂದರು. "ಎಲ್ಲವ್ಳೆ ನನ್ ಸ್ವರಾಜ್ಯಲಕ್ಷ್ಮಿ?"

ಮುಗಿಯಿತು ನನ್ನ ಕಥೆ ಅಂದುಕೊಂಡೆ.

"ಈ ಹೆಸರು ಇಟ್ಟವರು ಯಾರು?" ಎಂದರು ಸಾಹೇಬರು.

"ನಾನೆ ಕಣ್ರಿ. ಕಿವೀಲಿ ಮೂರು ಸಲ ಏಳ್ದೋನೂ ನಾನೆ."

"ಇದು ಸರಕಾರದ ವಿರುದ್ಧದ ಹೆಸರು!"

"ಯಾವ ಸರಕಾರ? ಎಸ್ರಿಟ್ಟಿದ್ದು ಯಳಂದೂರಲ್ಲಿ. ಅದು ಮಾರಾಜ್ರ ಸೀಮೆ. ನಿಮ್ ಕಾನೂನು ಅಗರಕ್ಕೆ ಬಂದದಾ?"

ಸಾಹೇಬರಿಗೆ ಕಾನೂನೇ ಮನೆದೇವರು. ಕಾಗದ ಕೇಳಿ, ಬರೆದರು: ಹೆಸರಿಟ್ಟ ಘಟನೆ ಪರರಾಜ್ಯದಲ್ಲಿ ನಡೆದುದರಿಂದ ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಮಗುವು ಈ ಪ್ರಾಂತ್ಯದಲ್ಲಿರುವಷ್ಟು ಕಾಲ ಅದನ್ನು ಪುಟ್ಟಿ ಎಂದೇ ಕರೆಯತಕ್ಕದ್ದು. ನನ್ನಿಂದ ಸಹಿ ಹಾಕಿಸಿಕೊಂಡು ಹೋದರು. ತಿಂಗಳೊಳಗೆ ನನ್ನ ಕೆಲಸ ಖಾಯಂ ಆಯಿತು.

ಅಪ್ಪ ನನ್ನನ್ನು ಪುಕ್ಕಲ ಎಂದು ಬೈದರು. ಬೈಯಲಿ, ಹೆದರಿದ್ದು ನಿಜ. ಅಂದಿನಿಂದ ಊರಿಗೆ ಹೊರಟಾಗಲೆಲ್ಲ ಗಾಡಿ ಅಗರ ಮುಟ್ಟಿದ ಮೇಲೆಯೇ ನಾನು ಮಗಳನ್ನು ಪೂರ್ತಿ ಹೆಸರಿನಿಂದ ಕೂಗುತ್ತಿದ್ದದ್ದು.

ಕೊನೆಗೆ ಸ್ವರಾಜ್ಯವೂ ಬಂತು. ಮಗಳನ್ನು ಕೊಳ್ಳೇಗಾಲದ ಶಾಲೆಗೆ ಸೇರಿಸಲು ಕರೆದುಕೊಂಡು ಹೋದೆ. ಮೇಷ್ಟ್ರು ಪ್ರೀತಿಯಿಂದ, "ಹೆಸರೇನವ್ವ? ಗಟ್ಟಿಯಾಗಿ ಹೇಳು" ಎಂದರು.

ಮಗಳು ಸುತ್ತ ನೋಡಿದಳು, ನನ್ನ ಪಂಚೆ ಜಗ್ಗಿ ಪಿಸುಗುಟ್ಟಿದಳು.

"ಅಪ್ಪಾ, ಇಲ್ಲೇ ಏಳ್ಬೋದಾ? ಅಗರಕ್ಕೆ ಓಗಿ ಏಳ್ಬುಟ್ಟು ಬರವಾ?"