ಮುಂದಿನ ಪುಟದ ಗುಂಡಿ

ಅಥವಾ ಅದು ಆಯುಧಪೂಜೆಯೇ ಆಗಿರಲಿಲ್ಲವೇನೋ. ಕುಂಕುಮ ನೆನಪಿದೆ, ಆದ್ದರಿಂದ ಆಗಿತ್ತು ಎಂದುಕೊಂಡಿದ್ದೇನೆ. ನನ್ನ ನೆನಪೇ ಹೀಗೆ: ಒಂದು ಬಣ್ಣ ಸಿಕ್ಕಿದರೆ ಅದರ ಸುತ್ತ ಹಬ್ಬವನ್ನೇ ಕಟ್ಟಿಬಿಡುತ್ತದೆ. ಏನೇ ಇರಲಿ, ಶ್ರೀರಂಗಪಟ್ಟಣದಲ್ಲಿ ವಾಚು, ಕ್ಯಾಲ್ಕುಲೇಟರು ಮಾರುವ ಗೆಳೆಯ ರಫೀಕ್ ಆ ವಾರ ಓದುವ ಯಂತ್ರವೊಂದನ್ನು ನನ್ನ ಕೈಗಿತ್ತಿದ್ದ. ಅವನ ಭಾವ ದುಬೈನಿಂದ ತಂದದ್ದು. ಬೂದು ಗಾಜಿನ ಮೇಲೆ ಇಂಗ್ಲಿಷ್ ಅಕ್ಷರಗಳು. ಮುಂದಿನ ಪುಟಕ್ಕೊಂದು ಗುಂಡಿ, ಹಿಂದಿನ ಪುಟಕ್ಕೊಂದು. “ನೀವು ಇಂಗ್ಲಿಷ್ ಮೇಷ್ಟ್ರು, ಓದಿ ಯೋಳಿ. ಚೆಂದಾಗದೆ ಅಂದ್ರೆ ಅಂಗಡಿಗೆ ತರುಸ್ತೀನಿ. ನಂಗಂತೂ ಇಡುಸ್ನಿಲ್ಲ, ಬಣ್ಣನೇ ಇಲ್ವಲ್ಲ!” ಎಂದ. ಅವನು ಟೀವಿಯನ್ನು ನಿರೀಕ್ಷಿಸಿದ್ದ.

ನಾನು ನಿರೀಕ್ಷಿಸಿದ್ದು ಪುಸ್ತಕವನ್ನು. ಬೆರಳಿಗೆ ಎಂಜಲು ಹಚ್ಚಿಕೊಂಡೇ ಗುಂಡಿ ಒತ್ತುತ್ತಿದ್ದೆ. ಬಂಗಲೆಯ ಮುದುಕ ಸಾಹೇಬನೊಬ್ಬನ ಕೊಲೆಯ ಕಥೆ. ಕೊಲೆಗಾರ ಇನ್ನೇನು ಸಿಗಬೇಕು, ಹಬ್ಬ ಬಂತು. ಅವ್ವ ಯಂತ್ರವನ್ನು ಸರಸ್ವತಿ ಪಟದ ಮುಂದೆ ಪುಸ್ತಕಗಳ ಮೇಲಿಟ್ಟು ಕುಂಕುಮ ಹಚ್ಚಿದಳು. ಹೆಂಡತಿ ಸರೋಜ ಅದನ್ನೆತ್ತಿ ಮಿಕ್ಸಿ, ಸೈಕಲ್ಲು, ಕುಡುಗೋಲುಗಳ ಸಾಲಿಗೆ ತಂದು ಮತ್ತೊಮ್ಮೆ ಹಚ್ಚಿದಳು.

“ಓದೋದು ಅಂದ್ಮ್ಯಾಕೆ ಪುಸ್ತಕ ಕಣಮ್ಮಿ,” ಎಂದಳು ಅವ್ವ.

“ಯಾವ ಪುಸ್ತಕಕ್ಕೆ ಸೆಲ್ಲು ಆಕ್ತಾರತ್ತೆ?”

ನನಗೆ ಎರಡೂ ಸರಿ ಎನಿಸಿ ತಲೆ ಕೆಟ್ಟಿತು. ಪುಸ್ತಕವಾದರೆ ಪೂಜೆಗಿಟ್ಟದ್ದನ್ನು ಓದುವಂತಿಲ್ಲ. ಯಂತ್ರವಾದರೆ ಆ ದಿನ ಕೆಲಸಕ್ಕೆ ಹಚ್ಚುವಂತಿಲ್ಲ. ಕೊಲೆಗಾರನಿಗೆ ಎರಡು ಕಡೆಯಿಂದಲೂ ರಜೆ.

ಮರುದಿನ ಬೆಳಿಗ್ಗೆಯೇ ರಫೀಕ್ ಬಂದ. “ಭಾವ ಸಂಜೆಗೆ ಒಂಟೋಯ್ತಾವ್ರೆ. ಕೊಡಿ ಮೇಷ್ಟ್ರೇ, ಎಂಗದೆ ಯೋಳ್ಬುಡಿ.” ಒಂದು ನಿಮಿಷ ಕೂರೆಂದು ಹೇಳಿ ಆತುರದಿಂದ ಒತ್ತಿದೆ. ಮುಂದಿನ ಪುಟದ ಗುಂಡಿಯ ಸಂದಿಗೆ ಕುಂಕುಮ ತುಂಬಿ ಕಚ್ಚಿಕೊಂಡಿತ್ತು. ಹಿಂದಿನ ಪುಟದ್ದು ಮಾತ್ರ ಒಪ್ಪಿತು. ಒತ್ತಿದಂತೆಲ್ಲ ಪೊಲೀಸರು ಮನೆ ಬಿಟ್ಟು ಹೋದರು, ಅಳುವವರು ಸುಮ್ಮನಾದರು. ಸತ್ತ ಸಾಹೇಬ ಎದ್ದು ಕುಳಿತು ಟೀ ಕುಡಿಯತೊಡಗಿದ.

“ಕಥೆ ಚೆನ್ನಾಗಿತ್ತು,” ಎಂದೆ.

“ಅರೆ, ಕಥೆ ಕಟ್ಕೊಂಡು ನಂಗೇನು? ಮಿಷನ್ ಎಂಗದೆ?”

“ಪುಸ್ತಕವಾಗಿದ್ರೆ ಕೊನೇ ಪುಟ ತೆಗೆದು ನೋಡಿಬಿಡ್ತಿದ್ದೆ. ಇದು ಬೇಡ ರಫೀಕ್.”

ರಫೀಕ್ ಗುಂಡಿಯ ಕೆಂಪು ನೋಡಿ ನಕ್ಕ. “ಬಣ್ಣ ಇಲ್ಲ ಅಂದಿದ್ಕೆ ನೀವೇ ಆಕ್ಬುಟ್ರಾ?” ಎಂದು ಜೇಬಿಗಿಳಿಸಿದ. ಅಂಗಡಿಗೆ ಅಂಥದ್ದು ಬರಲೇ ಇಲ್ಲ. ಯಂತ್ರವೇ ಕೆಟ್ಟದ್ದಾಗಿತ್ತೋ, ನಾನು ಅದರಿಂದ ಬಯಸಿದ್ದೇ ಬೇರೆಯೋ, ತಿಳಿಯದು. ಸಾಹೇಬನನ್ನು ಯಾರು ಕೊಂದರೆಂಬುದೂ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೊನೆಯ ಸಲ ಕಂಡಾಗ ಟೀ ಕುಡಿಯುತ್ತಿದ್ದ.