ತಣ್ಣಗಿದ್ದಾಗಿನ ತೂಕ

ತಕ್ಕಡಿ ಸಾಹೇಬರಿಗೆ ಅವರ ಬಾಯಿಯೇ ಶತ್ರು ಎಂದು ಅವರ ಹೆಂಡತಿ ಹೇಳುತ್ತಿದ್ದುದು ಎರಡು ಕಾರಣಕ್ಕೆ. ಒಂದು, ಅದರೊಳಗೆ ಹೋಗುವ ಪದಾರ್ಥಗಳು. ಇನ್ನೊಂದು, ಅದರಿಂದ ಹೊರಬೀಳುವ ಮಾತುಗಳು. (ಆಕೆ ಹಲ್ಲಿನ ಡಾಕ್ಟರು. ಬಾಯಿಯ ವಿಷಯದಲ್ಲಿ ಆಕೆಯದೇ ಕೊನೆಯ ಮಾತು.) ಈ ಸಲ ಸಾಹೇಬರನ್ನು ಕೆಡವಿದ್ದು ಎರಡೂ ಸೇರಿ.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ಮುದ್ರೆ, ಇಲ್ಲದಿದ್ದರೆ ದಂಡ. ಮಾರುಕಟ್ಟೆಯವರು ಇಟ್ಟ ಹೆಸರು ಹಿಂದೆಯೇ ನಡೆದುಕೊಂಡು ಮನೆಯವರೆಗೂ ಬಂದುಬಿಟ್ಟಿತ್ತು. ವಾರವಿಡೀ ಊರಿನ ತೂಕ ನೋಡುವ ಈ ಮಹಾನುಭಾವರು ಭಾನುವಾರ ಮಾತ್ರ ಸೋಫಾದ ಮೇಲೆ ತಮ್ಮ ತೂಕವನ್ನು ಇಳಿಸಿ (ಅಂದರೆ ಕೂತು ಎಂದಷ್ಟೇ ಅರ್ಥ) ಟೀವಿಯಲ್ಲಿ ಕಾರ್ ರೇಸ್ ನೋಡುತ್ತಿದ್ದರು. ಕಾರಿನ ಬಗ್ಗೆ ಅವರಿಗೆ ತಿಳಿಯದ ಸಂಗತಿಯಿರಲಿಲ್ಲ, ಓಡಿಸುವುದೊಂದನ್ನು ಬಿಟ್ಟು. ಮನೆಯ ಕಾರನ್ನು ಓಡಿಸುವವಳು ಹೆಂಡತಿ. ಪಕ್ಕದಲ್ಲಿ ಕೂತು, ಯಾವ ತಿರುವಿನಲ್ಲಿ ಎಲ್ಲಿ ಬ್ರೇಕ್ ಒತ್ತಬೇಕಿತ್ತೆಂದು ತಿರುವು ಕಳೆದ ಮೇಲೆ ತಿಳಿಸುವವರು ಸಾಹೇಬರು.

ಅವರದು ಹಳದಿ ತಂಡ. ಹಳದಿ ತಂಡ ಕೊನೆಯ ಸಲ ರೇಸ್ ಗೆದ್ದಾಗ ಸಾಹೇಬರ ತಲೆಯ ಮೇಲೆ ಬಾಚುವಷ್ಟು ಕೂದಲಿತ್ತು. ಆಮೇಲೆ ತಂಡವೂ ಕೂದಲೂ ಒಟ್ಟೊಟ್ಟಿಗೇ ಹಿಂದೆ ಸರಿಯುತ್ತ ಬಂದವು. "ಮುಂದಿನ ವರ್ಷ ರೂಲ್ಸ್ ಬದಲಾಗ್ತವೆ, ಆಗ ನೋಡಿ" ಎಂದು ಸಾಹೇಬರು ಹೇಳುತ್ತಲೇ ಬಂದಿದ್ದರು. ಕೊನೆಗೂ ಆ ವರ್ಷ ಬಂತು. ಕಾರು ಚಿಕ್ಕದಾಗಬೇಕು, ಅರ್ಧ ಶಕ್ತಿ ಬ್ಯಾಟರಿಯಿಂದ ಬರಬೇಕು, ಎಲ್ಲಕ್ಕಿಂತ ಮಿಗಿಲಾಗಿ ಪ್ರತಿ ಕಾರೂ ಮೂವತ್ತು ಕೆಜಿ ಇಳಿಸಬೇಕು!

"ಇದಪ್ಪ ರೂಲು ಅಂದ್ರೆ!" ಸಾಹೇಬರು ಕಡಲೆಬೀಜದ ತಟ್ಟೆಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು (ಅದಕ್ಕೆ ಬೇರೆ ಟೇಬಲ್ ಬೇಕಾಗಿರಲಿಲ್ಲ) ಘೋಷಿಸಿದರು. "ಕೊಬ್ಬಿದ ಕಾರುಗಳನ್ನ ನೋಡಿ ನೋಡಿ ಸಾಕಾಗಿತ್ತು ಅತ್ತೆ. ಭಾರ ಹೆಚ್ಚಾದ್ರೆ ಟೈರು ಸವೀತದೆ, ಬ್ರೇಕು ಸವೀತದೆ, ತಿರುವಿನಲ್ಲಿ ಜಡ. ತೂಕ ಇಳಿದ್ರೆ ತಾನೇ ಚುರುಕು?"

ಎದುರಿನ ಕುರ್ಚಿಯಲ್ಲಿ ಅತ್ತೆ. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಕಾಲು ನೋವೆಂದು ಮಗಳ ಮನೆಗೆ ಒಂದು ವಾರಕ್ಕೆ ಬಂದವರು, ಅಳಿಯನ ಜೊತೆ ಒಂದು ರೇಸ್ ನೋಡಿದರು. ಅಂದಿನಿಂದ ಎಷ್ಟು ವರ್ಷವಾದರೂ ಕಾಲು ವಾಸಿಯಾಗಲೇ ಇಲ್ಲ. ಅವರದು ನೇರಳೆ ತಂಡ. ಯಾಕೆಂದರೆ ಅಳಿಯನದು ಹಳದಿ. ಬೇರೆ ಕಾರಣ ಅವರಿಗೆ ಬೇಕಾಗಿರಲಿಲ್ಲ.

ಅತ್ತೆ ಏನೋ ಹೇಳುವಷ್ಟರಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತಿದಳು. "ಏನ್ರೀ ಅದು? ಇನ್ನೊಂದ್ಸಲ ಹೇಳಿ."

"ತೂಕ ಇಳಿದ್ರೆ ಚುರುಕು ಅಂದೆ."

"ಟೈರು ಅಂದ್ರೆ ಮೊಣಕಾಲು ಅಂತ ಇಟ್ಕೊಳ್ಳೋಣ. ನಿಮ್ಮ ಮೊಣಕಾಲು ನೋಡಿ ಡಾಕ್ಟರು ಹೇಳಿದ್ದೂ ಇದೇ ಮಾತು. ಆಗ ಅವರಿಗೆ ಏನೂ ಗೊತ್ತಿಲ್ಲ ಅಂದ್ರಲ್ಲ!" ಅವಳು ಒಳಗೆ ಹೋಗಿ ಒಂದು ಲಕೋಟೆ ತಂದಳು. "ನನ್ನ ಪೇಷಂಟ್ ಒಬ್ಬರು ರೇಸ್ ಟ್ರ್ಯಾಕಿನಲ್ಲಿ ಮ್ಯಾನೇಜರು. ಬುದ್ಧಿಹಲ್ಲು ಕಿತ್ತಿದ್ದಕ್ಕೆ ಖುಷಿಯಾಗಿ ಎರಡು ಟಿಕೆಟ್ ಕೊಟ್ಟಿದಾರೆ. ಸೀಸನ್ ಅರ್ಧಕ್ಕೆ ಬಂದಾಗ ಇಲ್ಲೇ ನಮ್ಮ ಟ್ರ್ಯಾಕಿನಲ್ಲಿ ನಡೆಯೋ ರೇಸು. ಹಳದಿ ತಂಡದ ಗ್ಯಾಲರಿ."

ಸಾಹೇಬರು ಎದ್ದೇಬಿಟ್ಟರು. ಕಡಲೆಬೀಜ ಮನೆಯ ಮೂಲೆ ಮೂಲೆಗೂ ಹೋಯಿತು. ಹಳದಿ ಕಾರನ್ನು ಕಣ್ಣಾರೆ ಕಾಣುವುದು, ಅದರ ಸದ್ದನ್ನು ಕಿವಿಯಾರೆ ಕೇಳುವುದು! ಮದುವೆಯ ದಿನವೂ ಅವರ ಕಣ್ಣಲ್ಲಿ ಅಷ್ಟು ನೀರು ಬಂದಿರಲಿಲ್ಲ ಎಂದು ಅತ್ತೆ ಆಮೇಲೆ ಸಾಕ್ಷಿ ನುಡಿದರು.

"ಒಂದು ನನಗೆ, ಕಾರು ಓಡಿಸ್ಬೇಕಲ್ಲ," ಎಂದಳು ಹೆಂಡತಿ. "ಇನ್ನೊಂದು ನಿಮಗೆ. ಆದ್ರೆ ಈಗ ನೀವು ಎಂಬತ್ತೆಂಟು ಕೆಜಿ. ಆ ರೇಸಿನ ಹಿಂದಿನ ಭಾನುವಾರಕ್ಕೆ ಎಂಬತ್ತಾಗಿರಬೇಕು. ಆಗದಿದ್ರೆ ಟಿಕೆಟ್ ಅಮ್ಮನಿಗೆ. ಕಾರೇ ಮೂವತ್ತು ಇಳಿಸ್ತಂತೆ, ಮನುಷ್ಯರು ಎಂಟು ಇಳಿಸೋಕಾಗಲ್ವಾ?"

"ನಾನು ಹಳದಿ ಗ್ಯಾಲರಿಯಲ್ಲಿ ಕೂರೋದಾ! ಥೂ!" ಎಂದರು ಅತ್ತೆ. ಆದರೆ ಅವರ ಕಣ್ಣು ಲಕೋಟೆಯ ಮೇಲೇ ಇತ್ತು.

ತೂಗುವ ವಿಧಿವಿಧಾನವನ್ನು ಸಾಹೇಬರು ತಾವೇ ಗೊತ್ತುಮಾಡಿದರು. ಅಳತೆಗೊಂದು ನಿಶ್ಚಿತ ಪರಿಸ್ಥಿತಿ ಬೇಕು, ಅದು ಅವರ ಇಲಾಖೆಯ ಮೊದಲ ಪಾಠ. ಪ್ರತಿ ಭಾನುವಾರ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಬಚ್ಚಲುಮನೆಯ ತೂಕದ ಯಂತ್ರದ ಮೇಲೆ. ಹೆಂಡತಿ ಬಾಗಿಲಲ್ಲಿ ನಿಂತು, ಬಗ್ಗಿ ಮುಳ್ಳು ನೋಡತಕ್ಕದ್ದು.

ಮೊದಲ ವಾರ ಸಾಹೇಬರು ಪ್ರಾಮಾಣಿಕವಾಗಿ ಸೌತೆಕಾಯಿ ತಿಂದರು. ಮನೆಯಲ್ಲಿ. ಮನೆಯ ಹೊರಗೆ ಕರ್ತವ್ಯವಿತ್ತಲ್ಲ! ಬೇಕರಿಯವನ ತಕ್ಕಡಿಯನ್ನು ಪರೀಕ್ಷಿಸಬೇಕು. ಪರೀಕ್ಷಿಸಲು ಏನನ್ನಾದರೂ ತೂಗಬೇಕು. ತೂಗಿದ್ದನ್ನು ವಾಪಸ್ ಇಟ್ಟರೆ ಚೆನ್ನಾಗಿರುವುದಿಲ್ಲ. ದುಡ್ಡು ಕೊಟ್ಟೇ ತಿನ್ನುತ್ತಿದ್ದರು, ಆ ವಿಷಯದಲ್ಲಿ ಅವರು ಚಿನ್ನ. ಭಾನುವಾರ ಮುಳ್ಳು ಎಂಬತ್ತೊಂಬತ್ತು ತೋರಿಸಿತು.

"ಏನ್ರೀ ಇದು, ರಿವರ್ಸ್ ಗೇರಾ?" ಎಂದಳು ಹೆಂಡತಿ.

ಆ ಕ್ಷಣ ಸಾಹೇಬರ ಮನಸ್ಸಿನಲ್ಲಿ ಮೀನಂಗಡಿಯವನೊಬ್ಬ ಸುಳಿದುಹೋದ. ತಟ್ಟೆಯ ಕೆಳಗೆ ಕಿರುಬೆರಳು ಕೊಟ್ಟು ತೂಗುತ್ತಿದ್ದವನು. ಅಂಥ ಎಷ್ಟೋ ಕಿರುಬೆರಳುಗಳನ್ನು ಕೈಯಾರೆ ಹಿಡಿದು ದಂಡ ಹಾಕಿದ ಸಾಹೇಬರು, ಮುಂದಿನ ಭಾನುವಾರ ಯಂತ್ರದ ಮೇಲೆ ನಿಂತು, ಬೆನ್ನ ಹಿಂದಿನ ಗೋಡೆಯ ಟವೆಲ್ ಕಂಬಿಯ ಮೇಲೆ ತಮ್ಮ ಕಿರುಬೆರಳನ್ನು ಹಗುರವಾಗಿ ಇಟ್ಟರು. ಬಾಗಿಲಲ್ಲಿದ್ದ ಹೆಂಡತಿಗೆ ಕಂಬಿ ಕಾಣುವಂತಿರಲಿಲ್ಲ. ಸಾಹೇಬರ ದೇಹ ಎಂಥ ಗುಟ್ಟನ್ನಾದರೂ ಮರೆಮಾಡುವಷ್ಟು ಉದಾರವಾಗಿತ್ತು.

"ಎಂಬತ್ತೇಳು! ಪರವಾಗಿಲ್ವೇ!"

ವಾರಗಳು ಉರುಳಿದವು. ಬೇಕರಿಯ ತಕ್ಕಡಿಯ ಪರೀಕ್ಷೆ ಪದೇ ಪದೇ ನಡೆಯಿತು. ಕಿರುಬೆರಳು ಹೋಗಿ ನಾಲ್ಕು ಬೆರಳಾಯಿತು, ನಾಲ್ಕು ಬೆರಳಿಗೆ ಅಂಗೈಯಾಗಿ ಬಡ್ತಿ ಸಿಕ್ಕಿತು. ಮುಳ್ಳು ಮಾತ್ರ ಎಂಬತ್ತೈದು, ಎಂಬತ್ತಮೂರು ಎಂದು ಶಿಸ್ತಾಗಿ ಇಳಿಯುತ್ತಿತ್ತು. ಹೆಂಡತಿ ತನ್ನ ಪೇಷಂಟುಗಳಿಗೆಲ್ಲ, ಅವರು ಬಾಯಿ ತೆರೆದುಕೊಂಡು ಉತ್ತರಿಸಲಾಗದ ಸ್ಥಿತಿಯಲ್ಲಿದ್ದಾಗ, ಗಂಡನ ಸಾಧನೆಯನ್ನು ಹೇಳುತ್ತಿದ್ದಳು.

"ಅಲ್ವೇ, ನನ್ನ ಟವೆಲ್ ಯಾಕೆ ಈಗೀಗ ಎಡಗಡೆಗೆ ಜಾರಿ ಜಾರಿ ಕೆಳಗೆ ಬೀಳತ್ತೆ?" ಎಂದು ಒಂದು ದಿನ ಅತ್ತೆ ಕೇಳಿದರು.

"ಗೋಡೆ ಸೊಟ್ಟ ಇದೆ ಅತ್ತೆ," ಎಂದರು ಸಾಹೇಬರು, ಟೀವಿಯಿಂದ ಕಣ್ಣು ತೆಗೆಯದೆ.

"ಇಷ್ಟು ವರ್ಷ ನೆಟ್ಟಗಿತ್ತಲ್ಲ?" ಎಂದು ಅತ್ತೆ ಸುಮ್ಮನಾದರು. (ಶಿರಸ್ತೇದಾರರು ಸುಮ್ಮನಾದರೆ ಕೇಸು ಮುಗಿಯಿತೆಂದಲ್ಲ, ಮುಂದಕ್ಕೆ ಹೋಯಿತೆಂದು ಅರ್ಥ.)

ಇತ್ತ ರೇಸಿನಲ್ಲಿ ನೇರಳೆ ತಂಡ ಗೆದ್ದದ್ದೇ ಗೆದ್ದದ್ದು. ಹಳದಿ ತಂಡ ಹೊಸ ರೂಲಿನಲ್ಲೂ ತನ್ನ ಹಳೆಯ ಜಾಗವನ್ನೇ ಭದ್ರವಾಗಿ ಕಾಯ್ದುಕೊಂಡಿತ್ತು. ಅಷ್ಟರಲ್ಲಿ ಟೀವಿಯಲ್ಲಿ ಗುಲ್ಲೆದ್ದಿತು. ಎಂಜಿನ್ನಿನ ಒಂದು ಅಳತೆ ಇಂತಿಷ್ಟನ್ನು ಮೀರಬಾರದು ಎಂದು ರೂಲು. ಆದರೆ ಅಳೆಯುವುದು ಎಂಜಿನ್ ತಣ್ಣಗಿದ್ದಾಗ, ಗ್ಯಾರೇಜಿನಲ್ಲಿ. ನೇರಳೆಯವರ ಎಂಜಿನ್ ತಣ್ಣಗಿದ್ದಾಗ ಸಾಧುಪ್ರಾಣಿ. ಓಡಿ ಬಿಸಿಯಾದ ಮೇಲೆ ಒಳಗಿನ ಒಂದು ಭಾಗ ಹಿಗ್ಗಿ, ಅಳತೆ ಮೀರಿ, ಹೆಚ್ಚಿನ ಶಕ್ತಿ ಕೊಡುತ್ತದಂತೆ!

"ಮೋಸ!" ಸಾಹೇಬರು ಗರ್ಜಿಸಿದರು. "ಹಾಡುಹಗಲ ಮೋಸ!"

"ಯಾವ ಮೋಸ?" ಎಂದರು ಅತ್ತೆ, ಕನ್ನಡಕ ಒರೆಸುತ್ತಾ. "ರೂಲಿನಲ್ಲಿ ಏನಿದೆ? ತಣ್ಣಗಿದ್ದಾಗ ಅಳೀಬೇಕು. ಅಳೆದ್ರು. ಪಾಸಾಯ್ತು. ಕೇಸು ವಜಾ."

"ಅತ್ತೆ, ರೇಸ್ ಕಾರು ಇರೋದು ಗ್ಯಾರೇಜಿನಲ್ಲಿ ತಣ್ಣಗೆ ಕೂರೋಕಾ? ಮೊನ್ನೆ ಬೇಕರಿಯವನೇ ನನಗೆ ಹೇಳಿದ, 'ಸಾರ್, ನೀವು ಹೇಳಿ ಬಂದ್ರೆ ಎಂಥವನ ತಕ್ಕಡಿನೂ ಸರಿಯಾಗೇ ಇರತ್ತೆ' ಅಂತ. ತಪಾಸಣೆ ಅಂದ್ರೆ ಹೇಳದೆ ಕೇಳದೆ ಹೋಗ್ಬೇಕು. ಬಿಸಿಬಿಸಿ ಇರುವಾಗ ಹಿಡೀಬೇಕು!"

"ಸೀಸನ್ ನಡುವೆ ರೂಲು ಬದಲಾಯಿಸೋದು ನ್ಯಾಯವಾ ಅಳಿಯಂದಿರೇ?"

"ಮೋಸ ಗೊತ್ತಾದ ಗಳಿಗೇಲೇ ಬದಲಾಯಿಸ್ಬೇಕು! ತನ್ನವರು ಪರರು ಅಂತ ನೋಡ್ಲೇಬಾರ್ದು!"

"ನೋಡ್ಲೇಬಾರ್ದು ಅಂತೀರಿ."

"ಯಾರೇ ಆಗಿರಲಿ ಅತ್ತೆ!"

ಅತ್ತೆ ತಮ್ಮ ಮಡಿಲಿನ ಟವೆಲ್ಲನ್ನು ನಿಧಾನವಾಗಿ ಮಡಚಿದರು. "ತೂಕದ ಮಾತು," ಎಂದರು.

ಕೊನೆಯ ಭಾನುವಾರ ಬಂತು. ಬೆಳಿಗ್ಗೆ ಸಾಹೇಬರು ಅಂಗೈಯ ಮೇಲೆ ಜೀವವನ್ನೆಲ್ಲ ಊರಿ, ಉಸಿರು ಬಿಗಿಹಿಡಿದು ನಿಂತರು. ಬೆನ್ನ ಹಿಂದೆ ಕಂಬಿ ಕಿರ್ರೆಂದಿತು. ಸಾಹೇಬರು ಕೆಮ್ಮಿದರು.

"ಎಂಬತ್ತು! ಸರಿಯಾಗಿ ಎಂಬತ್ತು!" ಹೆಂಡತಿ ಚಪ್ಪಾಳೆ ತಟ್ಟಿ, ಟಿಕೆಟನ್ನು ಅವರ ಕೈಗೇ ಕೊಟ್ಟಳು. ಗಂಡ ಇಷ್ಟು ಕಷ್ಟಪಟ್ಟನಲ್ಲ ಎಂದು ಕರಗಿ, ಮಧ್ಯಾಹ್ನಕ್ಕೆ ಹುರಿದ ಆಲೂಗಡ್ಡೆ, ಕೇಕು, ಐಸ್‌ಕ್ರೀಮು ಎಲ್ಲ ಮಾಡಿ ತರಿಸಿ ಬಡಿಸಿದಳು. ಸಾಹೇಬರು ಯಾವುದಕ್ಕೂ ಬೇಸರ ಮಾಡಲಿಲ್ಲ.

ಊಟ ಮುಗಿದು ಸೋಫಾಕ್ಕೆ ಬರುವ ಹೊತ್ತಿಗೆ ಆ ದಿನದ ರೇಸ್ ಶುರುವಾಗುವುದರಲ್ಲಿತ್ತು. ಪರದೆಯ ಮೇಲೆ ಸುದ್ದಿ ಓಡಿತು. ರೂಲು ಬದಲಾಗಿತ್ತು! ಇವತ್ತಿನಿಂದಲೇ, ರೇಸ್ ಮುಗಿದ ತಕ್ಷಣ, ಯಾವ ತಂಡದ್ದೆಂದು ಮೊದಲೇ ಹೇಳದೆ, ಬಿಸಿ ಎಂಜಿನ್ನನ್ನೇ ಅಳೆಯುವರಂತೆ.

ಸಾಹೇಬರು ಕುಣಿದರು. ಶೋಕೇಸಿನ ಗಾಜು ಅವರ ಜೊತೆ ಕುಣಿಯಿತು. "ನೋಡಿದ್ರಾ ಅತ್ತೆ! ಧರ್ಮ ಗೆಲ್ತು! ನೋಡ್ತಾ ಇರಿ, ಸಂಜೆಗೆ ನಿಮ್ಮ ನೇರಳೆ ಬದನೆಕಾಯಿ ಆಗತ್ತೆ!"

ರೇಸ್ ನಡೆಯಿತು. ನೇರಳೆ ಎಂದಿನಂತೆ ಗೆದ್ದಿತು, ಹಳದಿ ಎಂದಿನಂತೆ ಓಡಿತು. ತಪಾಸಣೆಯ ಫಲಿತಾಂಶಕ್ಕೆ ಕಾಯುತ್ತಿದ್ದಾಗ ಅತ್ತೆ ಮೆಲ್ಲನೆ ಎದ್ದರು. "ಸೋತೆ ಅಳಿಯಂದಿರೇ. ನಿಮ್ಮ ವಾದ ನನಗೆ ಪೂರ್ತಿ ಒಪ್ಪಿಗೆಯಾಯ್ತು." ಒಳಗೆ ಹೋದವರು ತೂಕದ ಯಂತ್ರವನ್ನು ತಂದು, ಹಾಲಿನ ನಟ್ಟನಡುವೆ, ಯಾವ ಗೋಡೆಯೂ ಕೈಗೆ ಎಟುಕದ ಜಾಗದಲ್ಲಿ ಇಟ್ಟರು. "ಹತ್ತಿ."

"ಯಾ... ಯಾಕೆ?"

"ಹೇಳದೆ ಕೇಳದೆ. ಬಿಸಿಬಿಸಿ ಇರುವಾಗ."

ಸಾಹೇಬರು ಐಸ್‌ಕ್ರೀಮ್ ಬಟ್ಟಲನ್ನು ಸೋಫಾದ ಕೆಳಗೆ ತಳ್ಳಿದರು. "ಅತ್ತೆ, ರೂಲಿನಲ್ಲಿ ಏನಿದೆ? ಬೆಳಿಗ್ಗೆ, ಖಾಲಿ ಹೊಟ್ಟೆ, ಬಚ್ಚಲುಮನೆ. ಅಳೆದ್ರು. ಪಾಸಾಯ್ತು. ಕೇಸು..."

"ವಜಾ ಆಗಲ್ಲ. ಅಳಿಯನನ್ನ ಅಳೆಯೋಕೆ ಮುಹೂರ್ತ ಬೇರೆ ನೋಡ್ಬೇಕಾ?"

"ಸೀಸನ್ ನಡುವೆ ರೂಲು..."

"ಹತ್ತಿಬಿಡ್ರೀ," ಎಂದಳು ಹೆಂಡತಿ, ಗಂಡನ ಮೇಲಿನ ಪೂರ್ಣ ನಂಬಿಕೆಯಿಂದ. "ಊಟದ್ದು ಅಂತ ಎರಡು ಕೆಜಿ ಬಿಟ್ಕೊಡ್ತೀನಿ. ಅಮ್ಮನ ಬಾಯಿ ಮುಚ್ಚಿಸಿ ಒಂದ್ಸಲ."

ಸಾಹೇಬರು ಹತ್ತಿದರು. ಅಭ್ಯಾಸಬಲದಿಂದ ಅವರ ಬಲಗೈ ಹಿಂದಕ್ಕೆ ಚಾಚಿ, ಗಾಳಿಯಲ್ಲಿ ಕಂಬಿಯನ್ನು ಹುಡುಕಿತು. ಹೆಂಡತಿ ಬಗ್ಗಿದಳು. ಕನ್ನಡಕ ಹಾಕಿಕೊಂಡು ಮತ್ತೆ ಬಗ್ಗಿದಳು.

"ತೊಂಬತ್ತಮೂರು."

ಅವಳು ನೆಟ್ಟಗೆ ನಿಂತು ಗಂಡನ ಮುಖ ನೋಡಿದಳು.

"ಎರಡು ಬಿಟ್ಟರೂ ತೊಂಬತ್ತೊಂದು! ಶುರುವಿನಲ್ಲಿ ಎಂಬತ್ತೆಂಟಿತ್ತಲ್ರೀ! ಎಂಟು ಇಳಿಸಿ ಅಂದ್ರೆ..."

ಅತ್ತೆ ಬಚ್ಚಲುಮನೆಯಿಂದ ಟವೆಲ್ ಕಂಬಿಯನ್ನೇ ಕೈಯಲ್ಲಿ ಹಿಡಿದು ಬಂದರು. ಕೀಳುವ ಶ್ರಮವೂ ಬೇಕಾಗಿರಲಿಲ್ಲವಂತೆ, ಮುಟ್ಟಿದರೆ ಬಂತಂತೆ. ಎಡಕ್ಕೆ ಬಿಲ್ಲಿನಂತೆ ಬಾಗಿತ್ತು. "ಪ್ರತಿ ಭಾನುವಾರ ನಿಮ್ಮ ತೂಕ ಇಳಿದ ಮೇಲೆ ನನ್ನ ಟವೆಲ್ಲೂ ಇಳೀತಾ ಇತ್ತು. ಗೋಡೆ ಸೊಟ್ಟ ಅಂದ್ರಿ. ಗೋಡೆ ಪಾಪ ನೆಟ್ಟಗೇ ಇದೆ."

ಅದೇ ಹೊತ್ತಿಗೆ ಟೀವಿಯವನು ಗಂಟಲು ಸರಿಮಾಡಿಕೊಂಡ. ಬಿಸಿ ತಪಾಸಣೆಯಲ್ಲಿ ನೇರಳೆ ತಂಡ ಕೂದಲೆಳೆಯಷ್ಟರಲ್ಲಿ ಪಾಸು. ಅಳತೆ ಮೀರಿ ಅನರ್ಹವಾದ ಒಂದೇ ತಂಡ, ಹಳದಿ.

ಅತ್ತೆ ಪರದೆಯನ್ನು ನೋಡಿದರು, ಯಂತ್ರದ ಮೇಲೆ ಇನ್ನೂ ನಿಂತೇ ಇದ್ದ ಅಳಿಯನನ್ನು ನೋಡಿದರು. "ಗೆಲ್ಲೋಕೆ ಮೋಸ ಮಾಡೋರನ್ನ ಕೋರ್ಟಿನಲ್ಲಿ ಬೇಕಾದಷ್ಟು ಕಂಡಿದೀನಿ. ಮೋಸ ಮಾಡಿಯೂ ಸೋಲೋರನ್ನ ಕಂಡಿದ್ದು ಇವತ್ತೇ. ಅದೂ ಒಂದೇ ಹಾಲಿನಲ್ಲಿ ಎರಡೆರಡು!"

ಹೆಂಡತಿ ಕೈ ಚಾಚಿದಳು. ಸಾಹೇಬರು ಜೇಬಿನಿಂದ ಟಿಕೆಟ್ ತೆಗೆದು, ಒಮ್ಮೆ ಸವರಿ, ಕೊಟ್ಟರು.

ಮುಂದಿನ ಭಾನುವಾರ ಬೆಳಿಗ್ಗೆ ಕಾರು ತಾಯಿ ಮಗಳನ್ನು ಹೊತ್ತು ಹೊರಟಿತು. ಮೊದಲ ತಿರುವಿನಲ್ಲಿ ಎಲ್ಲಿ ಬ್ರೇಕ್ ಒತ್ತಬೇಕೆಂದು ಸಾಹೇಬರು ಗೇಟಿನಿಂದಲೇ ಕೂಗಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಅತ್ತೆಯ ಕಾಲು ನೋವು ಅಂದು ಎಲ್ಲಿಯೂ ಕಾಣಲಿಲ್ಲ. ಒಳಗೆ ಬಂದರೆ ಸೋಫಾದ ಮೇಲೆ ಸೌತೆಕಾಯಿಯ ಬಟ್ಟಲು, ಎದುರಿಗೆ ಹಾಲಿನ ನಡುವೆ ಖಾಯಮ್ಮಾಗಿ ನೆಲೆನಿಂತ ತೂಕದ ಯಂತ್ರ.

ರೇಸ್ ಶುರುವಾಯಿತು. ಬಿಸಿಯಲ್ಲಿ ಅಳೆಯಲು ಹತ್ತಿದ ಮೇಲೆ ಎಲ್ಲ ತಂಡಗಳ ಗಾಳಿಯೂ ಇಳಿದಿತ್ತು. ಕಳ್ಳ ಎಂಜಿನ್ ಕಿತ್ತೊಗೆದು ಬಂದಿದ್ದ ಹಳದಿ ಕಾರು ಯಾಕೋ ಅಂದು ಚಿಗರೆಯಂತೆ ಓಡಿತು. ಐದನೆಯದಾಯಿತು, ಮೂರನೆಯದಾಯಿತು. ಕೊನೆಯ ಸುತ್ತಿನಲ್ಲಿ ನೇರಳೆಯನ್ನು ಹಿಂದೆ ಹಾಕಿ, ಎಷ್ಟೋ ವರ್ಷಗಳ ಮೇಲೆ, ಗೆದ್ದೇಬಿಟ್ಟಿತು! ಸಾಹೇಬರು ಸೌತೆಕಾಯಿ ಚೆಲ್ಲಿ ಹಾರಿದರು. ಅಪ್ಪಿಕೊಳ್ಳಲು ಯಾರೂ ಇರಲಿಲ್ಲ. ದಿಂಬನ್ನು ಅಪ್ಪಿಕೊಂಡರು. ಕ್ಯಾಮೆರಾ ಹಳದಿ ಗ್ಯಾಲರಿಯ ಕಡೆ ತಿರುಗಿತು. ಅಲ್ಲಿ ಹಳದಿ ಟೋಪಿ, ಹಳದಿ ಶಾಲು ಹೊದ್ದ ಹಿರಿಯರೊಬ್ಬರು ಬೆಂಚಿನ ಮೇಲೆ ಹತ್ತಿ ನಿಂತು ಪೀಪಿ ಊದುತ್ತಿದ್ದರು!

ಸಾಹೇಬರು ಹೆಂಡತಿಗೆ ಫೋನ್ ಮಾಡಿದರು. ಎತ್ತಿದ್ದು ಅತ್ತೆ.

"ಅಳಿಯಂದಿರೇ! ಗೆದ್ದುಬಿಟ್ವಿ! ನಾವು ಗೆದ್ದುಬಿಟ್ವಿ!"

"ನಾವಾ? ಅತ್ತೆ, ನೀವು ನೇರಳೆಯವರಲ್ವಾ?"

"ಅದು ತಣ್ಣಗಿದ್ದಾಗ ಅಳಿಯಂದಿರೇ," ಎಂದು ಗದ್ದಲದ ನಡುವಿನಿಂದ ಅತ್ತೆ ಕಿರುಚಿದರು. "ಈಗ ಬಿಸಿ ಏರಿದೆ!"